ಟ್ರಯಲ್ಸ್ ಬೈಕನ್ನು ಆರಿಸಿ ಹದಗೊಳಿಸುವ ಕ್ರಮ: ಕ್ಲಬ್ ಸವಾರರಿಗೆ ಸಮಗ್ರ ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಸವಾರರು ನನ್ನ ಬಳಿಗೆ ತರುವ ದೂರು ಬಹುಪಾಲು ಒಂದೇ. ಮುರಕಲ್ಲಿನ ಮೇಲೆ ಹಿಂದಿನ ಚಕ್ರ ಹಿಡಿಯುವುದಿಲ್ಲ, ಶಾಕನ್ನು (ಹಿಂದಿನ ಶಾಕ್ ಅಬ್ಸಾರ್ಬರನ್ನು) ಎಷ್ಟು ಕ್ಲಿಕ್ ತಿರುಗಿಸಬೇಕು ಎಂದು ಕೇಳುತ್ತಾರೆ. ಬೈಕನ್ನು ಇಳಿಸಿ ನೋಡಿದರೆ ಟಯರಿನಲ್ಲಿ ಇರಬೇಕಾದುದಕ್ಕಿಂತ ಎರಡು ಪಾಲು ಗಾಳಿ ಇರುತ್ತದೆ, ಹಿಂದಿನ ಲಿಂಕೇಜಿನ (ಹಿಂದಿನ ಚಕ್ರದ ಚಲನೆಯನ್ನು ಶಾಕಿಗೆ ಮುಟ್ಟಿಸುವ ಕೀಲುಗಳ) ಬೇರಿಂಗು ತುಕ್ಕು ಹಿಡಿದು ಅರ್ಧ ಬಿಗಿದಿರುತ್ತದೆ, ಇಷ್ಟರ ಮೇಲೆ ಶಾಕಿನ ತಿರುಪನ್ನು ಮೂವರು ಮೂರು ಬಗೆಯಲ್ಲಿ ತಿರುಗಿಸಿರುತ್ತಾರೆ. ಇದು ಶಾಕಿನ ತಪ್ಪಲ್ಲ, ಕೆಲಸದ ಕ್ರಮದ ತಪ್ಪು. ಆದ್ದರಿಂದ ಈ ಮಾರ್ಗದರ್ಶಿಯನ್ನು ಮಾಡಬೇಕಾದ ಕ್ರಮದಲ್ಲಿಯೇ ಬರೆದಿದ್ದೇನೆ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹೋಗಬಾರದು, ಏಕೆಂದರೆ ಮೊದಲಿನ ಹಂತದಲ್ಲಿ ಉಳಿದ ದೋಷವು ನಂತರದ ಹಂತದಲ್ಲಿ ಬೇರೆ ರೂಪದಲ್ಲಿ ಕಾಣಿಸಿಕೊಂಡು ದಾರಿ ತಪ್ಪಿಸುತ್ತದೆ.

ಟ್ರಯಲ್ಸ್ ಎಂದರೆ ಕಲ್ಲು, ಏರುತಗ್ಗುಗಳ ಮೇಲೆ ಕಾಲೂರದೆ ಬೈಕು ಸಾಗಿಸುವ ಸ್ಪರ್ಧೆ, ಇದರಲ್ಲಿ ವೇಗಕ್ಕೆ ಅಂಕವಿಲ್ಲ. ಗುರುತು ಹಾಕಿದ ಸೆಕ್ಷನ್ ದಾಟುವಾಗ ಕಾಲನ್ನು ಒಮ್ಮೆ ನೆಲಕ್ಕೆ ಊರಿದರೆ 1, ಎರಡು ಸಲ ಊರಿದರೆ 2, ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಊರಿದರೆ 3, ಸೆಕ್ಷನ್ ಮುಗಿಸಲಾಗದಿದ್ದರೆ 5 ದಂಡಾಂಕ. ಬೈಕಿನ ಪ್ರತಿಯೊಂದು ಹೊಂದಾಣಿಕೆಯನ್ನೂ ಈ ಲೆಕ್ಕಕ್ಕೆ ಒರೆ ಹಚ್ಚಿಯೇ ನೋಡಬೇಕು: ನಡಿಗೆಯ ವೇಗದಲ್ಲಿ, ನಿಂತ ಭಂಗಿಯಲ್ಲಿ, ಒಂದೇ ಬೆರಳಿನಲ್ಲಿ ಕ್ಲಚ್ ಹಿಡಿದು, ಕಾಲೂರದೆ ಸಾಗುವುದು ಸಾಧ್ಯವಾಗುತ್ತದೆಯೇ?

ಬೇಕಾಗುವ ಸಲಕರಣೆಗಳು

ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದದ್ದು 0ಯಿಂದ 15 ಪಿಎಸ್‌ಐವರೆಗೆ (ಗಾಳಿಯ ಒತ್ತಡದ ಅಳತೆ) ಮಾತ್ರ ತೋರಿಸುವ ಸಣ್ಣ ಅಳತೆಯ ಗೇಜು. ಪೆಟ್ರೋಲ್ ಬಂಕಿನ ಅಥವಾ ಪಂಕ್ಚರ್ ಅಂಗಡಿಯ ಗೇಜು ಕಾರಿನ ಹಾಗೂ ಲಾರಿಯ ಟಯರಿಗೆ ಮಾಡಿದ್ದು, ಅದರಲ್ಲಿ 4 ಪಿಎಸ್‌ಐ ಮತ್ತು 8 ಪಿಎಸ್‌ಐಗಳ ವ್ಯತ್ಯಾಸವನ್ನು ಓದಲು ಆಗುವುದಿಲ್ಲ. ಇದರ ಜೊತೆಗೆ ಸೈಕಲ್ ಪಂಪು, 8, 10 ಮತ್ತು 13 ಮಿಲಿಮೀಟರಿನ ಟಿ ಸ್ಪಾನರ್‌ಗಳು, ಅಲನ್ ಕೀಗಳು, ಟಾರ್ಕ್ ರೆಂಚ್, ಸ್ಪೋಕ್ ಕೀ, ಟೇಪು, ನೀರಿಗೆ ಕರಗದ ಗ್ರೀಸ್, ಎಣ್ಣೆ ಅಳೆಯಲು ಔಷಧದ ಅಂಗಡಿಯ ದೊಡ್ಡ ಸಿರಿಂಜು ಮತ್ತು ಎಂಜಿನ್ನಿನ ಅಡಿಗೆ ಇಡಲು ಗಟ್ಟಿಯಾದ ಮರದ ಪೆಟ್ಟಿಗೆ ಬೇಕು. ಒಂದು ನೋಟ್‌ಬುಕ್ಕು ಕೂಡ ಇರಲಿ. ಯಾವ ದಿನ ಯಾವುದನ್ನು ಎಷ್ಟು ಬದಲಿಸಿದೆ ಎಂದು ಬರೆದಿಡದವನು ಆರು ತಿಂಗಳ ಬಳಿಕವೂ ಮೊದಲ ದಿನದಲ್ಲೇ ಇರುತ್ತಾನೆ.

1. ಬೈಕನ್ನು ಆರಿಸುವುದು

ನಮ್ಮ ಮುಂದೆ ಇರುವ ದಾರಿಗಳು ಎರಡು: ಹೊರದೇಶದಿಂದ ಬಂದ ನಿಜವಾದ ಟ್ರಯಲ್ಸ್ ಬೈಕು, ಇಲ್ಲವೇ ಇಲ್ಲಿ ಸಿಗುವ ಬೈಕನ್ನು ಮಾರ್ಪಡಿಸಿದ್ದು. ಇವೆರಡರ ನಡುವಿನ ಅಂತರವನ್ನು ಮೊದಲೇ ತಿಳಿದಿರಬೇಕು. ಗ್ಯಾಸ್ ಗ್ಯಾಸ್, ಬೆಟಾ, ಶೆರ್ಕೊ, ಟಿಆರ್‌ಎಸ್, ಮೊಂಟೆಸಾ ಮುಂತಾದ ಆಧುನಿಕ ಟ್ರಯಲ್ಸ್ ಬೈಕುಗಳ ತೂಕ ಸುಮಾರು 65ರಿಂದ 75 ಕಿಲೋ. ನೆಲದಿಂದ ಎಂಜಿನ್ನಿನ ತಳಕ್ಕೆ 300 ಮಿಲಿಮೀಟರಿಗಿಂತ ಹೆಚ್ಚು ಎತ್ತರವಿರುತ್ತದೆ, ಕೂರಲು ಸೀಟು ಎಂಬುದು ಹೆಸರಿಗೂ ಇರುವುದಿಲ್ಲ. ಇಲ್ಲಿ ಹೆಚ್ಚು ಬಳಕೆಯಲ್ಲಿರುವ ಹೀರೋ ಎಕ್ಸ್‌ಪಲ್ಸ್ 200 ಬೈಕಿಗೆ 21 ಇಂಚಿನ ಮುಂದಿನ ಚಕ್ರ, 18 ಇಂಚಿನ ಹಿಂದಿನ ಚಕ್ರ ಮತ್ತು 220 ಮಿಲಿಮೀಟರಿನ ನೆಲದಂತರ ಇದ್ದರೂ ತೂಕ 150 ಕಿಲೋವನ್ನು ಮೀರುತ್ತದೆ. ಅದರಲ್ಲಿ ನಿಧಾನ ಸವಾರಿ, ತಿರುವು, ಸಮತೋಲನ ಇವನ್ನು ಕಲಿಯಬಹುದು, ಕ್ಲಬ್ಬಿನ ಸುಲಭ ಸೆಕ್ಷನ್‌ಗಳನ್ನು ದಾಟಬಹುದು. ಎರಡಡಿ ಎತ್ತರದ ಕಲ್ಲಿನ ಮೆಟ್ಟಿಲನ್ನು ಹತ್ತಿಸಲು ಹೋದರೆ ಬೈಕಿನ ಜೊತೆಗೆ ಸೊಂಟವೂ ಕೆಡುತ್ತದೆ.

ನಿಜವಾದ ಟ್ರಯಲ್ಸ್ ಬೈಕು ಕೊಳ್ಳುವವರಿಗೆ ನನ್ನ ಸಲಹೆ 250 ಸಿಸಿಯ ಎರಡು ಸ್ಟ್ರೋಕಿನದು. 300 ಸಿಸಿಯದಕ್ಕೆ ತಳದಲ್ಲೇ ಶಕ್ತಿ ಹೆಚ್ಚು, ದಣಿದ ಕೈ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಹೆಚ್ಚು ತಿರುಗಿಸಿದರೂ ಪಾಚಿಯ ಮೇಲೆ ಚಕ್ರ ಸುತ್ತಿ ಬಿಡುತ್ತದೆ. 125 ಸಿಸಿಯದು ಹಗುರವೆನಿಸಿದರೂ ಎಂಜಿನ್ನನ್ನು ಸದಾ ಮೇಲಿನ ಸುತ್ತಿನಲ್ಲಿ (ಹೆಚ್ಚು ಆರ್‌ಪಿಎಂನಲ್ಲಿ) ಓಡಿಸುತ್ತ ಕ್ಲಚ್ಚಿನಿಂದ ಕೆಲಸ ತೆಗೆಯಬೇಕಾಗುತ್ತದೆ, ಆದ್ದರಿಂದ ಅದು ಹಗುರ ಮೈಯ ಹುಡುಗ ಹುಡುಗಿಯರಿಗೆ ಸರಿ, 80 ಕಿಲೋ ತೂಗುವವರಿಗೆ ಸರಿಯಲ್ಲ. ಮೊಂಟೆಸಾ ಕೋಟಾ 4ಆರ್‌ಟಿಯಂಥ ನಾಲ್ಕು ಸ್ಟ್ರೋಕಿನ ಬೈಕು ಸೌಮ್ಯವಾಗಿ ಎಳೆಯುತ್ತದೆ, ಇಳಿಜಾರಿನಲ್ಲಿ ಎಂಜಿನ್ನೇ ತಡೆಯಾಗುತ್ತದೆ. ಆದರೆ ಇಂಧನ ಇಂಜೆಕ್ಷನ್ನಿನ ದೋಷವನ್ನು ಹಳ್ಳಿಯ ಮೆಕ್ಯಾನಿಕ್ ಬಿಡಿಸುವುದು ಕಷ್ಟ.

ಬ್ರ್ಯಾಂಡಿಗಿಂತ ಮುಖ್ಯವಾದದ್ದು ಬಿಡಿಭಾಗ. ಹಣ ಕೊಡುವ ಮೊದಲು ಐದು ವಸ್ತುಗಳನ್ನು ತರಿಸಲು ಸಾಧ್ಯವೇ ಎಂದು ಖಚಿತ ಮಾಡಿಕೊಳ್ಳಿ: ಕ್ಲಚ್ ಪ್ಲೇಟುಗಳು, ಪಿಸ್ಟನ್ ಮತ್ತು ರಿಂಗು, ವಾಟರ್ ಪಂಪಿನ ಸೀಲು, ಲಿಂಕೇಜಿನ ಬೇರಿಂಗುಗಳು, ಕ್ಲಚ್ ಮತ್ತು ಬ್ರೇಕಿನ ಲಿವರ್‌ಗಳು. ಇವುಗಳಲ್ಲಿ ಎರಡು ಸಿಗುವುದಿಲ್ಲವಾದರೆ ಬೈಕು ಎಷ್ಟು ಅಗ್ಗವಾದರೂ ಬಿಟ್ಟುಬಿಡುವುದು ಒಳ್ಳೆಯದು. ನೋಂದಣಿ ಇಲ್ಲದ ಟ್ರಯಲ್ಸ್ ಬೈಕನ್ನು ರಸ್ತೆಗೆ ಇಳಿಸುವಂತಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮನೆಯಿಂದ ಗುಡ್ಡೆಗೆ ಅರ್ಧ ಕಿಲೋಮೀಟರ್ ಇದ್ದರೂ ಪಿಕಪ್ಪಿನಲ್ಲೇ ಒಯ್ಯಬೇಕು, ಜಾಗದ ಯಜಮಾನರ ಒಪ್ಪಿಗೆಯೂ ಬೇಕು.

2. ಹಳೆಯ ಬೈಕನ್ನು ಪರೀಕ್ಷಿಸುವುದು

ಮಾರುವವರಿಗೆ ಮೊದಲೇ ಫೋನ್ ಮಾಡಿ, ನಾನು ಬರುವ ತನಕ ಎಂಜಿನ್ ಚಾಲೂ ಮಾಡಬೇಡಿ ಎಂದು ಹೇಳಿ. ಹೋದ ಕೂಡಲೇ ಸಿಲಿಂಡರಿನ ಮೇಲೆ ಅಂಗೈ ಇಡಿ. ಬಿಸಿಯಿದ್ದರೆ ತಣ್ಣಗಿರುವಾಗ ಚಾಲೂ ಆಗದ ದೋಷವನ್ನು ಮುಚ್ಚಿಟ್ಟಿರಬಹುದು. ಅಂಥ ಸಂದರ್ಭದಲ್ಲಿ ಎರಡು ಗಂಟೆ ಕಾದು ನೋಡುವುದೇ ಸರಿ.

ಮೊದಲು ಕಣ್ಣಿನ ಪರೀಕ್ಷೆ. ಫುಟ್‌ರೆಸ್ಟ್ ಬೆಸೆದಿರುವ ಜಾಗ, ಹ್ಯಾಂಡಲಿನ ಬುಡ, ಹಿಂದಿನ ಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್‌ಆರ್ಮಿನ ಮೂಲೆಗಳು, ಈ ಮೂರು ಕಡೆ ಬಟ್ಟೆಯಿಂದ ಒರೆಸಿ ಟಾರ್ಚ್ ಹಾಕಿ ಬಿರುಕು ಹುಡುಕಿ. ಕೂದಲಿನಂಥ ಕಪ್ಪು ಗೆರೆ ಕಂಡರೆ ಅದು ಗೀರು ಎಂದು ಸಮಾಧಾನ ಮಾಡಿಕೊಳ್ಳಬೇಡಿ, ಉಗುರನ್ನು ಅಡ್ಡಲಾಗಿ ಎಳೆದು ನೋಡಿ. ಎಂಜಿನ್ನಿನ ತಳದ ಅಲ್ಯೂಮಿನಿಯಂ ತಟ್ಟೆ ನೆಗ್ಗಿರುವುದು ಸಹಜ, ಆದರೆ ಅದು ಒಳಗೆ ಬಾಗಿ ಎಂಜಿನ್ ಕೇಸಿಗೆ ತಾಗುತ್ತಿದ್ದರೆ ತಟ್ಟೆ ಬಿಚ್ಚಿಸಿಯೇ ನೋಡಬೇಕು.

ಬಳಿಕ ಕೈಯ ಪರೀಕ್ಷೆ. ಬೈಕನ್ನು ಪೆಟ್ಟಿಗೆಯ ಮೇಲಿಟ್ಟು ಹಿಂದಿನ ಚಕ್ರವನ್ನು ಹಿಡಿದು ಬೆರಳಿನಷ್ಟು ಮೇಲೆತ್ತಿ. ಶಾಕ್ ಚಲಿಸುವ ಮೊದಲೇ ಟಕ್ ಎಂಬ ಸದ್ದಿನೊಂದಿಗೆ ಸಡಿಲ ತೋರಿದರೆ ಲಿಂಕೇಜಿನ ಬೇರಿಂಗು ಸವೆದಿದೆ. ಮುಂದಿನ ಚಕ್ರ ಗಾಳಿಯಲ್ಲಿದ್ದಾಗ ಹ್ಯಾಂಡಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲಗೆ ತಿರುಗಿಸಿದಾಗ ನೇರ ಸ್ಥಾನದಲ್ಲಿ ಸಿಕ್ಕಿಕೊಂಡಂತೆ ಆದರೆ ಹ್ಯಾಂಡಲಿನ ಬೇರಿಂಗಿನಲ್ಲಿ ಗುಳಿ ಬಿದ್ದಿದೆ. ಇವೆರಡೂ ದುರಸ್ತಿಯಾಗುವಂಥವು, ಬೆಲೆ ಇಳಿಸಿ ಮಾತಾಡಬಹುದು.

ಎಂಜಿನ್ ಚಾಲೂ ಆದ ಮೇಲೆ ಕಾಣುವ ಅಪಾಯದ ಗುರುತುಗಳು ಬೇರೆ ತೂಕದವು. ಆರಂಭದ ಹೊಗೆ ಕರಗಿದ ಬಳಿಕವೂ ದಟ್ಟ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದು ಗೇರ್‌ಬಾಕ್ಸಿನ ಎಣ್ಣೆಯೂ ಕಡಿಮೆಯಾಗುತ್ತಿದ್ದರೆ ಕ್ಲಚ್ ಬದಿಯ ಕ್ರ್ಯಾಂಕ್ ಸೀಲು ಹೋಗಿದೆ. ಗೇರ್‌ಬಾಕ್ಸಿನ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣದಲ್ಲಿದ್ದರೆ ವಾಟರ್ ಪಂಪಿನ ಸೀಲಿನಿಂದ ನೀರು ಇಳಿದಿದೆ. ಆಕ್ಸಿಲರೇಟರ್ ಬಿಟ್ಟರೂ ಸುತ್ತು ಇಳಿಯದೆ ತೂಗಾಡುತ್ತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಕೆಳಗಿನಿಂದ ಗುಡುಗುಡು ಸದ್ದು ಬರುತ್ತಿದ್ದು ಅದು ಫುಟ್‌ರೆಸ್ಟಿನ ಮೂಲಕ ಕಾಲಿಗೂ ತಿಳಿಯುತ್ತಿದ್ದರೆ ಕ್ರ್ಯಾಂಕಿನ ಬೇರಿಂಗುಗಳ ಆಯುಸ್ಸು ಮುಗಿದಿದೆ, ಅದಕ್ಕೆ ಎಂಜಿನ್ನನ್ನೇ ಬಿಚ್ಚಬೇಕು. ಐದಾರು ನಿಮಿಷ ನಿಂತಲ್ಲೇ ಓಡಿಸಿದಾಗ ರೇಡಿಯೇಟರಿನ ಫ್ಯಾನ್ ತಾನಾಗಿ ತಿರುಗಬೇಕು. ಟ್ರಯಲ್ಸ್ ಬೈಕಿನ ರೇಡಿಯೇಟರ್ ಪುಟ್ಟದು, ನಡಿಗೆಯ ವೇಗದಲ್ಲಿ ಎದುರು ಗಾಳಿಯೂ ಇರುವುದಿಲ್ಲ, ಆದ್ದರಿಂದ ಫ್ಯಾನ್ ಇಲ್ಲದೆ ನೀರು ಕುದಿಯುವುದು ನಿಶ್ಚಿತ.

ಟಯರಿನ ವಯಸ್ಸನ್ನೂ ಓದಿ. ಬದಿಯಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2219 ಎಂದಿದ್ದರೆ 2019ರ 22ನೇ ವಾರದಲ್ಲಿ ತಯಾರಾದದ್ದು. ಟಯರಿನ ಮೈಮೇಲಿನ ಗುಬಟು ಸವೆಯದಿದ್ದರೂ ಗಟ್ಟಿಯಾದ ರಬ್ಬರು ಒದ್ದೆ ಕಲ್ಲನ್ನು ಹಿಡಿಯುವುದಿಲ್ಲ.

3. ಹದಗೊಳಿಸುವ ಮೊದಲು ಬಿಚ್ಚಿ ಗ್ರೀಸ್ ಹಾಕುವುದು

ಬೈಕು ಮನೆಗೆ ಬಂದ ದಿನವೇ ಸವಾರಿಗೆ ಹೊರಡುವುದು ಎಲ್ಲರ ಆಸೆ. ಮೊದಲ ವಾರವನ್ನು ಬಿಚ್ಚಲು ಮೀಸಲಿಡಿ. ಲಿಂಕೇಜು, ಸ್ವಿಂಗ್‌ಆರ್ಮಿನ ದಂಡ, ಹ್ಯಾಂಡಲಿನ ಬೇರಿಂಗು, ಎರಡೂ ಚಕ್ರಗಳ ಆಕ್ಸಲ್ ಇಷ್ಟನ್ನು ಕಳಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಸ ಗ್ರೀಸ್ ತುಂಬಿ ಕೂರಿಸಬೇಕು. ಕಾರ್ಖಾನೆಯಿಂದ ಬಂದ ಹೊಸ ಬೈಕಿನಲ್ಲಿ ಕೂಡ ಇಲ್ಲಿ ಗ್ರೀಸ್ ತೆಳುವಾಗಿ ಸವರಿರುವುದೇ ಹೆಚ್ಚು.

ವರ್ಷಕ್ಕೆ 3000 ಮಿಲಿಮೀಟರನ್ನು ಮೀರಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಈ ಕೆಲಸ ವರ್ಷಕ್ಕೆ ಎರಡು ಸಲ ಬೇಕು, ಮೇ ತಿಂಗಳ ಕೊನೆಗೊಮ್ಮೆ, ಮಳೆ ಬಿಟ್ಟ ಬಳಿಕ ನವೆಂಬರಿನಲ್ಲೊಮ್ಮೆ. ನನ್ನ ಮೊದಲ ಬೈಕಿನ ಲಿಂಕೇಜನ್ನು ನಾನು ಎರಡು ಮಳೆಗಾಲ ಮುಟ್ಟಿರಲಿಲ್ಲ. ಬೋಲ್ಟನ್ನು ಸುತ್ತಿಗೆಯಿಂದ ಹೊಡೆದು ತೆಗೆದಾಗ ಸೂಜಿ ಬೇರಿಂಗಿನ ರೋಲರ್‌ಗಳು ಕೆಂಪು ಪುಡಿಯ ಜೊತೆ ಅಂಗೈಗೆ ಉದುರಿದವು. ಕೆಲವು ತುದಿ ಸವೆದು ಅಕ್ಕಿಯ ನುಚ್ಚಿನಷ್ಟಾಗಿದ್ದವು. ಅಲ್ಲಿಯವರೆಗೆ ಶಾಕ್ ಗಡಸಾಗಿದೆ ಎಂದು ನಾನು ಸ್ಪ್ರಿಂಗನ್ನು ಸಡಿಲಿಸುತ್ತ ಬಂದಿದ್ದೆ.

ಜೋಡಿಸುವಾಗ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ. ಅಲ್ಯೂಮಿನಿಯಂ ಎಳೆಗಳು ಉಕ್ಕಿನ ಬೋಲ್ಟಿನ ಎದುರು ಬೇಗ ಕಿತ್ತುಬರುತ್ತವೆ. ಸ್ಪೋಕುಗಳನ್ನು ಸ್ಪಾನರಿನಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಿ: ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ಟಪ್ ಎನ್ನುತ್ತದೆ. ಒಂದೇ ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬಿಗಿಯಬಾರದು.

4. ಟಯರು ಮತ್ತು ಗಾಳಿ

ಇಡೀ ಹೊಂದಾಣಿಕೆಯಲ್ಲಿ ಅತಿ ಹೆಚ್ಚು ಫಲ ಕೊಡುವ, ಅತಿ ಕಡಿಮೆ ಖರ್ಚಿನ ಹಂತ ಇದು, ಹೆಚ್ಚಿನವರು ಎಡವುವುದೂ ಇಲ್ಲಿಯೇ. ನಿಜವಾದ ಟ್ರಯಲ್ಸ್ ಬೈಕಿನ ಹಿಂದಿನ ಟಯರು 4.00-18 ಅಳತೆಯ ಟ್ಯೂಬ್‌ಲೆಸ್, ಮುಂದಿನದು 2.75-21 ಅಳತೆಯದು, ಅದಕ್ಕೆ ಟ್ಯೂಬ್ ಇರುತ್ತದೆ. 60ರಿಂದ 75 ಕಿಲೋ ತೂಕದ ಸವಾರರು ಹಿಂದೆ 4, ಮುಂದೆ 6 ಪಿಎಸ್‌ಐಯಿಂದ ಆರಂಭಿಸಲಿ. 85 ಕಿಲೋ ದಾಟಿದವರು ಹಿಂದೆ 5, ಮುಂದೆ 6.5 ಇಟ್ಟುಕೊಳ್ಳಲಿ. ಹಿಂದಿನ ಟಯರಿನ ಬದಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ಹಣ್ಣಾದ ಪಪ್ಪಾಯಿಯಂತೆ ಒಳಗೆ ಹೋಗಬೇಕು. ಇಷ್ಟು ಮೆತ್ತಗಿದ್ದರೆ ಮಾತ್ರ ಗುಬಟುಗಳು ಕಲ್ಲಿನ ಏರುತಗ್ಗಿಗೆ ಸುತ್ತಿಕೊಳ್ಳುತ್ತವೆ.

ಗಾಳಿಯನ್ನು ಸೆಕ್ಷನ್ ನಡೆಯುವ ಜಾಗದಲ್ಲಿ, ನೆರಳಿನಲ್ಲಿ, ಸವಾರಿಗೆ ಮೊದಲು ಅಳೆಯಿರಿ. ಮುಂಜಾನೆ 22 ಡಿಗ್ರಿಯಲ್ಲಿ 4 ಪಿಎಸ್‌ಐ ಇದ್ದ ಟಯರು ಮಧ್ಯಾಹ್ನ ಮುರಕಲ್ಲಿನ ಪಾರೆಯ ಮೇಲೆ 40 ಡಿಗ್ರಿಗೆ ಕಾದರೆ 5ಕ್ಕೆ ಏರುತ್ತದೆ. ಒಂದು ಪಿಎಸ್‌ಐ ಎಂದರೆ ಇಲ್ಲಿ ನಾಲ್ಕನೇ ಒಂದು ಪಾಲು, ಆದ್ದರಿಂದ ಊಟದ ಬಳಿಕ ಇನ್ನೊಮ್ಮೆ ನೋಡಲೇಬೇಕು.

ಮುರಕಲ್ಲಿನ ಸ್ವಭಾವಕ್ಕೆ ತಕ್ಕಂತೆಯೂ ಬದಲಾವಣೆ ಬೇಕು. ಬೇಸಿಗೆಯಲ್ಲಿ ಅದರ ತೂತುತೂತಾದ ಮೈ ಅರದಂತೆ ಹಿಡಿಯುತ್ತದೆ, ಅಂಚುಗಳು ಹರಿತವಾಗಿರುತ್ತವೆ, ಗಾಳಿ ತೀರಾ ಕಡಿಮೆಯಾದರೆ ರಿಮ್ಮು ಕಲ್ಲಿಗೆ ಬಡಿದು ನೆಗ್ಗುತ್ತದೆ. ಆಗ ಅರ್ಧ ಪಿಎಸ್‌ಐ ಏರಿಸಿ. ಮಳೆಗಾಲದಲ್ಲಿ ಅದೇ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ, ಆಗ ಅರ್ಧ ಇಳಿಸಿ. 3.5ಕ್ಕಿಂತ ಕೆಳಗೆ ಇಳಿಸಿದರೆ ಟಯರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವಿದೆ.

ಕಳಚಿಕೊಂಡ ಟ್ಯೂಬ್‌ಲೆಸ್ ಟಯರು ಸೈಕಲ್ ಪಂಪಿಗೆ ಕೂರುವುದಿಲ್ಲ. ರಿಮ್ಮಿನ ಅಂಚಿಗೆ ಸಾಬೂನು ನೀರು ಹಚ್ಚಿ, ಅಂಗಡಿಯ ಕಂಪ್ರೆಸರಿನಲ್ಲಿ ಟಯರಿನ ಮೇಲೆ ಬರೆದಿರುವ ಮಿತಿಯನ್ನು ಮೀರದಂತೆ ಗಾಳಿ ತುಂಬಿಸಿ, ಎರಡೂ ಬದಿ ಪಟ್ ಎಂದು ಕೂತ ಮೇಲೆ ನಿಮ್ಮ ಗೇಜಿನಲ್ಲಿ ಇಳಿಸಿಕೊಳ್ಳಿ. ರಾತ್ರಿಯಿಡೀ ಗಾಳಿ ಇಳಿಯುತ್ತಿದ್ದರೆ ಅದೇ ಸಾಬೂನು ನೀರನ್ನು ವಾಲ್ವಿಗೂ ರಿಮ್ಮಿನ ನಡುವಿನ ಪಟ್ಟಿಗೂ ಸುರಿದು ಗುಳ್ಳೆ ಏಳುವ ಜಾಗ ಹುಡುಕಿ.

ಮಾರ್ಪಡಿಸಿದ ಬೈಕಿನವರು ಈ ಅಂಕಿಗಳನ್ನು ಅನುಸರಿಸಲೇಬಾರದು. ಅಷ್ಟು ತೂಕದ ಬೈಕಿನ ಟ್ಯೂಬು 4 ಪಿಎಸ್‌ಐಯಲ್ಲಿ ಮೊದಲ ಕಲ್ಲಿಗೇ ರಿಮ್ಮಿನ ನಡುವೆ ಸಿಕ್ಕಿ ಹರಿಯುತ್ತದೆ. ಟಯರನ್ನು ರಿಮ್ಮಿಗೆ ಒತ್ತಿ ಹಿಡಿಯುವ ರಿಮ್ ಲಾಕ್ ಹಾಕಿಸಿಕೊಂಡು 12 ಪಿಎಸ್‌ಐಯಿಂದ ಆರಂಭಿಸಿ. ರಿಮ್ ಲಾಕ್ ಇಲ್ಲದೆ ಇಳಿಸಿದರೆ ಟಯರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವನ್ನು ಕಿತ್ತುಹಾಕುತ್ತದೆ. ವಾಲ್ವು ಓರೆಯಾಗಿ ನಿಂತಿರುವುದೇ ಇದರ ಮುನ್ಸೂಚನೆ.

5. ಹ್ಯಾಂಡಲು, ಲಿವರು, ಪೆಡಲು

ಬೈಕಿನ ಮೇಲೆ ನಿಂತು, ಮೊಣಕಾಲು ಸ್ವಲ್ಪ ಬಾಗಿಸಿ, ಕಣ್ಣು ಮುಚ್ಚಿ ಕೈಗಳನ್ನು ಹ್ಯಾಂಡಲಿಗೆ ಇಡಿ. ಬೆನ್ನು ಗೂನಾದರೆ ಹ್ಯಾಂಡಲು ಹಿಂದಿದೆ, ತೋಳು ಪೂರ್ತಿ ನೀಟಾದರೆ ಮುಂದಿದೆ. ಹ್ಯಾಂಡಲಿನ ಏರು ಭಾಗವು ಫೋರ್ಕಿನ (ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆಗಳ) ಗೆರೆಗೆ ಸಮವಾಗಿ ಅಥವಾ ತುಸು ಮುಂದಕ್ಕೆ ಇರಲಿ.

ಲಿವರುಗಳು ಒಂದು ಬೆರಳಿಗೆ ಮಾತ್ರ. ತೋರುಬೆರಳಿನ ಮೊದಲ ಗೆಣ್ಣು ಲಿವರಿನ ತುದಿಯ ಕೊಕ್ಕೆಗೆ ಬರುವಂತೆ ಕ್ಲ್ಯಾಂಪನ್ನು ಒಳಕ್ಕೆ ಸರಿಸಿ. ಕ್ಲ್ಯಾಂಪಿನ ಅಡಿಗೆ ನಲ್ಲಿ ಜೋಡಿಸುವವರು ಬಳಸುವ ಬಿಳಿ ಟೇಪನ್ನು ಎರಡು ಸುತ್ತು ಸುತ್ತಿ, ಕೈಯಿಂದ ಬಲವಾಗಿ ತಳ್ಳಿದರೆ ತಿರುಗುವಷ್ಟೇ ಬಿಗಿಯಿರಿ. ಬಿದ್ದಾಗ ಲಿವರ್ ಮುರಿಯದೆ ತಿರುಗಿಕೊಳ್ಳುತ್ತದೆ.

ಇಲ್ಲಿ ಒಂದು ದೊಡ್ಡ ತಪ್ಪು ಪದೇ ಪದೇ ನಡೆಯುತ್ತದೆ. ಹೈಡ್ರಾಲಿಕ್ ಕ್ಲಚ್ಚಿನ ಲಿವರನ್ನು ಕೈಗೆ ಹತ್ತಿರ ತರಲು ತಿರುಪನ್ನು ತಿರುಗಿಸುತ್ತ ಹೋಗಿ, ಲಿವರಿಗೆ ಇರಬೇಕಾದ ಕೂದಲೆಳೆಯಷ್ಟು ಸಡಿಲವನ್ನೂ ತೆಗೆದುಹಾಕುತ್ತಾರೆ. ಆ ಸಡಿಲವಿಲ್ಲದಿದ್ದರೆ ಒಳಗಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದೆ ಎಣ್ಣೆ ಡಬ್ಬಿಗೆ ಮರಳುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಎಂಜಿನ್ ಕಾದಂತೆ ಎಣ್ಣೆ ಹಿಗ್ಗಿ, ಯಾರೂ ಹಿಡಿಯದೆಯೇ ಕ್ಲಚ್ಚನ್ನು ಒತ್ತತೊಡಗುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಬೈಕು ಮೂರನೇ ಸುತ್ತಿನಲ್ಲಿ ಏರಿನಲ್ಲಿ ಎಳೆಯುವುದಿಲ್ಲ, ಪ್ಲೇಟು ಹೋಯಿತೆಂದು ಹೊಸದನ್ನು ತರಿಸುತ್ತಾರೆ. ಬ್ರೇಕಿನಲ್ಲೂ ಹೀಗೆಯೇ ಚಕ್ರ ಬಿಗಿಯುತ್ತದೆ. ಲಿವರಿನ ತುದಿಯಲ್ಲಿ ಎರಡು ಮೂರು ಮಿಲಿಮೀಟರ್ ಸಡಿಲ ಬಿಟ್ಟೇ ಬಿಡಬೇಕು.

ಎಣ್ಣೆ ತುಂಬುವಾಗ ಡಬ್ಬಿಯ ಮುಚ್ಚಳದ ಮೇಲಿನ ಬರಹವನ್ನು ಓದಿ. ಕೆಲವು ಕ್ಲಚ್ಚುಗಳಿಗೆ ಮಿನರಲ್ ಎಣ್ಣೆ, ಕೆಲವಕ್ಕೆ ಡಾಟ್ 4 ಬ್ರೇಕ್ ಎಣ್ಣೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಸೀಲುಗಳು ಉಬ್ಬಿ ಕೆಡುತ್ತವೆ.

ಹಿಂದಿನ ಬ್ರೇಕಿನ ಪೆಡಲು ನಿಂತಾಗ ಬೂಟಿನ ತುದಿಗೆ ತಾನಾಗಿ ಸಿಗಬೇಕು, ಪಾದ ಎತ್ತುವಂತೆ ಇರಬಾರದು. ಎಳೆದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡು, ಪ್ರತಿ ದಿನ ಮೊದಲ ಸಲ ಎಂಜಿನ್ ಚಾಲೂ ಮಾಡಿದ ಕೂಡಲೇ ಎಳೆದು ಪರೀಕ್ಷಿಸಿ. ಎಂಜಿನ್ ನಿಲ್ಲದಿದ್ದರೆ ಆ ದಿನ ಸವಾರಿ ಬೇಡ. ಇದರಲ್ಲಿ ರಿಯಾಯಿತಿ ಇಲ್ಲ.

6. ಪೆಟ್ರೋಲು, ಗಾಳಿ ಫಿಲ್ಟರು ಮತ್ತು ನಿಧಾನ ಸುತ್ತು

ನಮ್ಮ ತೋಟದ ಮನೆಗಳಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕಾಗಿ ಎಣ್ಣೆ ಬೆರೆಸಿದ ಪೆಟ್ರೋಲಿನ ಕ್ಯಾನ್ ಇದ್ದೇ ಇರುತ್ತದೆ. ಅದನ್ನೇ ಬೈಕಿಗೆ ಸುರಿಯುವುದು ತಪ್ಪು. ಯಂತ್ರಕ್ಕೆ 25:1 ಅಥವಾ 50:1 ಬೆರೆಸಿರುತ್ತಾರೆ, ಅಂದರೆ 5 ಲೀಟರಿಗೆ 200 ಅಥವಾ 100 ಮಿಲಿಲೀಟರ್. ಆಧುನಿಕ ಟ್ರಯಲ್ಸ್ ಎಂಜಿನ್ನುಗಳು ಪೂರ್ತಿ ಸಿಂಥೆಟಿಕ್ ಎಣ್ಣೆಯಲ್ಲಿ ಇದಕ್ಕಿಂತ ಕಡಿಮೆ ಕೇಳುತ್ತವೆ. 80:1 ಎಂದು ಕೈಪಿಡಿ ಹೇಳಿದರೆ 5 ಲೀಟರಿಗೆ 62.5 ಮಿಲಿಲೀಟರ್ ಸಾಕು, ಅದನ್ನು ಸಿರಿಂಜಿನಲ್ಲಿ ಅಳೆಯಿರಿ. ಎಣ್ಣೆ ಹೆಚ್ಚಾದರೆ ಎಂಜಿನ್ನಿಗೆ ರಕ್ಷಣೆ ಹೆಚ್ಚು ಎಂಬ ನಂಬಿಕೆ ಸರಿಯಲ್ಲ: ನಿಧಾನ ಸುತ್ತಿನಲ್ಲಿ ಪ್ಲಗ್ ಕಪ್ಪು ಜಿಡ್ಡಿನಿಂದ ಮುಚ್ಚಿಹೋಗುತ್ತದೆ, ಅದೇ ಜೆಟ್ಟಿನಲ್ಲಿ ಎಣ್ಣೆ ಜಾಗ ಹಿಡಿದಷ್ಟು ಪೆಟ್ರೋಲು ಕಡಿಮೆಯಾಗುತ್ತದೆ.

ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಈಗ 20 ಶೇಕಡಾ ಎಥನಾಲ್ ಇದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಆಷಾಢದ ತೇವದಲ್ಲಿ ಅರ್ಧ ತುಂಬಿದ ಕ್ಯಾನ್ ತಿಂಗಳುಗಟ್ಟಲೆ ಉಳಿದರೆ ನೀರು ಸೇರಿದ ಪದರ ತಳಕ್ಕೆ ಇಳಿಯುತ್ತದೆ. ಎರಡು ವಾರಕ್ಕೆ ಸಾಕಾಗುವಷ್ಟೇ ತನ್ನಿ. ಸವಾರಿ ಮುಗಿದಾಗ ಪೆಟ್ರೋಲಿನ ಟ್ಯಾಪು ಮುಚ್ಚಿ, ಕಾರ್ಬುರೇಟರ್ ಬರಿದಾಗಿ ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ. ಟ್ರಯಲ್ಸ್ ಸವಾರಿ ನಡೆಯುವುದೆಲ್ಲ ನಿಧಾನ ಸುತ್ತಿಗೆ ಪೆಟ್ರೋಲು ಬಿಡುವ ಪೈಲಟ್ ಜೆಟ್ಟಿನ ಮೇಲೆ, ಕೂದಲು ತೂರುವಷ್ಟೇ ಅಗಲದ ಆ ರಂಧ್ರ ಮೊದಲು ಕಟ್ಟಿಕೊಳ್ಳುತ್ತದೆ.

ಗಾಳಿ ಫಿಲ್ಟರಿನ ಸ್ಪಂಜನ್ನು ಪೆಟ್ರೋಲಿನಲ್ಲಿ ತೊಳೆಯಬೇಡಿ, ಅಂಟಿಸಿದ ಜಾಗ ಬಿಟ್ಟುಬರುತ್ತದೆ. ಮೊದಲು ಸೀಮೆಎಣ್ಣೆ, ಬಳಿಕ ಸಾಬೂನಿನ ಬೆಚ್ಚನೆಯ ನೀರು, ಹಿಂಡುವುದು ಅಂಗೈಗಳ ನಡುವೆ ಒತ್ತಿ, ತಿರುಚಿ ಅಲ್ಲ. ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಎಣ್ಣೆ ಹಾಕಿ, ಅಂಚಿಗೆ ಗ್ರೀಸ್ ಸವರಿ ಕೂರಿಸಿ. ಡಿಸೆಂಬರಿನಿಂದ ಮೇವರೆಗೆ ಇದು ಪ್ರತಿ ಸವಾರಿಯ ಬಳಿಕವೂ ಆಗಬೇಕು. ಮುರಮಣ್ಣಿನ ಧೂಳು ಹಿಟ್ಟಿನಷ್ಟು ನಯವಾದದ್ದು, ಸಿಲಿಂಡರನ್ನು ಉಜ್ಜಿ ತಿನ್ನುತ್ತದೆ. ಹಳೆಯ ಬಿಳಿ ಬೈರಾಸಿನ ತುಂಡನ್ನು ಬೆರಳಿಗೆ ಸುತ್ತಿ ಫಿಲ್ಟರಿನ ಆಚೆ, ಎಂಜಿನ್ನಿನ ಕಡೆಗಿರುವ ಕೊಳವೆಯೊಳಗೆ ಒರೆಸಿ. ಬಟ್ಟೆಗೆ ಕೆಂಪು ಬಣ್ಣ ಬಂದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ, ಅದನ್ನು ಸರಿಪಡಿಸದೆ ಎಂಜಿನ್ ಚಾಲೂ ಮಾಡಬಾರದು.

ನಿಧಾನ ಸುತ್ತನ್ನು ಎಂಜಿನ್ ಕಾದ ಮೇಲೆಯೇ ಹೊಂದಿಸಿ. ಸಮತಟ್ಟಾದ ನೆಲದಲ್ಲಿ ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಬೈಕು ತೆವಳಬೇಕು, ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿ ಕ್ಲಚ್ ಹಿಡಿದಾಗ ನಿಂತುಹೋಗಬಾರದು. ತಣ್ಣಗಿರುವಾಗ ಕ್ಲಚ್ ಪ್ಲೇಟುಗಳು ಅಂಟಿಕೊಂಡಿರುವುದು ಸಾಮಾನ್ಯ, ಆದ್ದರಿಂದ ಚಾಲೂ ಮಾಡುವ ಮೊದಲು ಗೇರಿನಲ್ಲಿಟ್ಟು, ಕ್ಲಚ್ ಹಿಡಿದು, ಬೈಕನ್ನು ನಾಲ್ಕಾರು ಸಲ ಹಿಂದೆ ಮುಂದೆ ತಳ್ಳಿ ಬಿಡಿಸಿಕೊಳ್ಳಿ.

7. ಸಸ್ಪೆನ್ಷನ್

ಈಗ, ಈ ಹಂತದಲ್ಲಿ ಮಾತ್ರ, ಶಾಕಿಗೆ ಕೈ ಹಾಕಬಹುದು. ಇಬ್ಬರು ಸಹಾಯಕರು ಮತ್ತು ಟೇಪು ಬೇಕು. ಹಿಂದಿನ ಚಕ್ರ ಗಾಳಿಯಲ್ಲಿರುವಾಗ ಆಕ್ಸಲಿನಿಂದ ನೇರ ಮೇಲೆ ಮಡ್‌ಗಾರ್ಡಿನ ಒಂದು ಗುರುತಿಗೆ ಅಳೆಯಿರಿ. ಬೈಕನ್ನು ನೆಲಕ್ಕಿಳಿಸಿ ಅದೇ ಅಳತೆ ತೆಗೆಯಿರಿ, ವ್ಯತ್ಯಾಸ 20 ಮಿಲಿಮೀಟರಿನ ಆಸುಪಾಸು ಇರಬೇಕು. ಬಳಿಕ ಸವಾರ ಬೂಟು, ಹೆಲ್ಮೆಟ್ಟು ಸಹಿತ ಫುಟ್‌ರೆಸ್ಟಿನ ಮೇಲೆ ನಿಲ್ಲಲಿ. ಕೂತು ಅಳೆದರೆ ಲೆಕ್ಕ ತಪ್ಪುತ್ತದೆ, ಟ್ರಯಲ್ಸ್‌ನಲ್ಲಿ ಯಾರೂ ಕೂರುವುದಿಲ್ಲ. ಈಗ ಒಟ್ಟು ಇಳಿತ ಚಕ್ರದ ಪೂರ್ಣ ಚಲನೆಯ ಮೂರನೇ ಒಂದು ಪಾಲು ಇರಬೇಕು: 170 ಮಿಲಿಮೀಟರ್ ಚಲನೆಗೆ ಸುಮಾರು 55. ಹೆಚ್ಚಿದ್ದರೆ ಸ್ಪ್ರಿಂಗನ್ನು ಬಿಗಿಯಿರಿ, ಕಡಿಮೆಯಿದ್ದರೆ ಸಡಿಲಿಸಿ. ಮುಂದಿನ ಫೋರ್ಕಿಗೂ ಇದೇ ಲೆಕ್ಕ.

ಸವಾರನ ಅಳತೆ ಸರಿಬಂದರೂ ಬರೀ ಬೈಕಿನ ಇಳಿತ ಐದಾರು ಮಿಲಿಮೀಟರಿಗೆ ಇಳಿದಿದ್ದರೆ ಸ್ಪ್ರಿಂಗು ನಿಮ್ಮ ತೂಕಕ್ಕೆ ಮೆದುವಾಯಿತು ಎಂದರ್ಥ, ಬಿಗಿಯುವುದರಿಂದ ಅದು ಸರಿಹೋಗದು, ಸ್ಪ್ರಿಂಗನ್ನೇ ಬದಲಿಸಬೇಕು.

ರಿಬೌಂಡಿನ (ಒತ್ತಿದ ಶಾಕ್ ಮರಳಿ ಚಾಚುವ ವೇಗದ) ತಿರುಪನ್ನು ಮೊದಲು ಪೂರ್ತಿ ಒಳಕ್ಕೆ ತಿರುಗಿಸುತ್ತ ಕ್ಲಿಕ್ ಎಣಿಸಿ, ಇದ್ದ ಸ್ಥಾನವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಕೈಪಿಡಿಯ ಅಂಕಿಗೆ ತನ್ನಿ. ಒಂದಡಿ ಎತ್ತರದ ಒಂದೇ ಮೆಟ್ಟಿಲನ್ನು ಹತ್ತು ಸಲ ಹತ್ತಿ. ಹಿಂದಿನ ಚಕ್ರ ಮೆಟ್ಟಿಲು ತಾಗಿದ ಕೂಡಲೇ ಒದ್ದು ಮೇಲಕ್ಕೆ ಹಾರಿದರೆ ಎರಡು ಕ್ಲಿಕ್ ನಿಧಾನ ಮಾಡಿ. ಒಂದರ ಹಿಂದೊಂದು ಬರುವ ಕಲ್ಲುಗಳಲ್ಲಿ ಹಿಂಭಾಗ ತಗ್ಗುತ್ತ ಹೋಗಿ ಎರಡನೇ ಕಲ್ಲಿಗೆ ಹಿಡಿತ ಸಿಗದಿದ್ದರೆ ಎರಡು ಕ್ಲಿಕ್ ವೇಗ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಗಾಳಿಯನ್ನೂ ರಿಬೌಂಡನ್ನೂ ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

8. ಸ್ಪ್ರಾಕೆಟು

ಇದು ಕೊನೆಗೆ, ಅದೂ ಬೇಕಿದ್ದರೆ ಮಾತ್ರ. ಸ್ಪ್ರಾಕೆಟು ಎಂದರೆ ಚೈನು ಕೂರುವ ಹಲ್ಲಿನ ಚಕ್ರ. ಮುಂದಿನ ಸ್ಪ್ರಾಕೆಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡುವುದು ಹಿಂದೆ ಮೂರು ನಾಲ್ಕು ಹಲ್ಲು ಹೆಚ್ಚಿಸಿದಷ್ಟಕ್ಕೆ ಸಮ. ನಿಜವಾದ ಟ್ರಯಲ್ಸ್ ಬೈಕಿಗೆ ಕಾರ್ಖಾನೆಯ ಅಳತೆಯೇ ಸಾಕು. ಎಕ್ಸ್‌ಪಲ್ಸ್‌ನಂಥ ಬೈಕಿಗೆ ಮುಂದೆ ಒಂದು ಹಲ್ಲು ಕಡಿಮೆ ಮಾಡಿದರೆ ಮೊದಲ ಗೇರು ನಡಿಗೆಗೆ ಹತ್ತಿರ ಬರುತ್ತದೆ.

9. ಸವಾರಿಯ ಬಳಿಕ ತೊಳೆದು ಇಡುವುದು

ಅಡಿಕೆಗೆ ಮದ್ದು ಬಿಡುವ ಪಂಪಿನಲ್ಲಿ ಬೈಕು ತೊಳೆಯುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ, ಇದರಲ್ಲಿ ಎರಡು ಹಾನಿಗಳಿವೆ. ಮೊದಲನೆಯದು ಒತ್ತಡ: ಆ ನೀರಿನ ಧಾರೆ ಆಕ್ಸಲ್, ಹ್ಯಾಂಡಲು ಮತ್ತು ಲಿಂಕೇಜಿನ ಸೀಲುಗಳನ್ನು ದಾಟಿ ಗ್ರೀಸನ್ನು ಹೊರಹಾಕಿ ತಾನು ಒಳಗೆ ಕೂರುತ್ತದೆ. ಎರಡನೆಯದು ಬೋರ್ಡೋ ದ್ರಾವಣದ ಶೇಷ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು ಬೆರೆಸುವ ಆ ಮದ್ದಿನ ತಾಮ್ರದ ಅಂಶ ಪೈಪಿನಲ್ಲಿ ಉಳಿದಿರುತ್ತದೆ, ಅಲ್ಯೂಮಿನಿಯಂ ಫ್ರೇಮು, ರಿಮ್ಮುಗಳ ಮೇಲೆ ಒಣಗಿ ಮತ್ತೆ ತೇವ ಸೇರಿದಾಗ ಲೋಹವನ್ನು ತಿಂದು ಗುಳಿ ಮಾಡುತ್ತದೆ. ತೋಟದ ನೀರಿನ ಸಾದಾ ಪೈಪು, ಬ್ರಷು, ಸಾಬೂನು ಸಾಕು. ತೊಳೆಯುವ ಮೊದಲು ಸೈಲೆನ್ಸರಿನ ಬಾಯಿಗೂ ಗಾಳಿ ಪೆಟ್ಟಿಗೆಗೂ ಬಟ್ಟೆ ತುರುಕಿ.

ಫೋರ್ಕಿನ ಸೀಲಿನ ಮೇಲೆ ಕೆಸರು ಒಣಗಲು ಬಿಡಬೇಡಿ. ಚೈನಿಗೆ ಎಣ್ಣೆ ಹಾಕುವಾಗ ಹಿಂದಿನ ಬ್ರೇಕ್ ಡಿಸ್ಕಿಗೆ ಹಲಗೆಯ ತುಂಡನ್ನೋ ಹಾಳೆಯನ್ನೋ ಅಡ್ಡ ಹಿಡಿಯಿರಿ, ಪ್ಯಾಡು ಎಣ್ಣೆ ಕುಡಿದರೆ ಎಷ್ಟು ತೊಳೆದರೂ ಹಿಡಿತ ಮರಳದು. ಉಪ್ಪಳ, ಕುಂಬಳೆ ಕಡೆಯ ಕಡಲ ಬದಿಯವರು ಮರಳಿನಲ್ಲಿ ಅಭ್ಯಾಸ ಮಾಡಿದ ದಿನವೇ ಸಿಹಿನೀರಿನಲ್ಲಿ ತೊಳೆಯಬೇಕು, ಮರುದಿನಕ್ಕೆ ಇಟ್ಟರೆ ಉಪ್ಪು ಸ್ಪೋಕಿನ ನಿಪ್ಪಲುಗಳನ್ನು ಹಿಡಿದುಬಿಡುತ್ತದೆ.

ಒಂದೆರಡು ವಾರ ಬೈಕು ನಿಲ್ಲುವುದಾದರೆ ಟಯರುಗಳಿಗೆ 10 ಪಿಎಸ್‌ಐ ತುಂಬಿ ಪೆಟ್ಟಿಗೆಯ ಮೇಲೆ ನಿಲ್ಲಿಸಿ. ಸೈಲೆನ್ಸರಿನ ಬಾಯಿ ಮತ್ತು ಕಾರ್ಬುರೇಟರಿನ ತೂಗಾಡುವ ಸಣ್ಣ ಕೊಳವೆಗಳ ತುದಿಯನ್ನು ಬಟ್ಟೆಯಿಂದ ಮುಚ್ಚಿ, ಇಲ್ಲವಾದರೆ ಕುಂಬಾರ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ, ಒಂದು ಕೊಳವೆ ಮುಚ್ಚಿದರೂ ಪೆಟ್ರೋಲು ಸರಿಯಾಗಿ ಇಳಿಯದೆ ಎಂಜಿನ್ ಉಸಿರುಗಟ್ಟುತ್ತದೆ. ಆ ಬಟ್ಟೆಗಳನ್ನು ಕಟ್ಟಿದ ದಾರದ ಇನ್ನೊಂದು ತುದಿಯನ್ನು ತಂದು ಕಿಕ್ಕರಿಗೆ ಸುತ್ತಿಡಿ. ದಾರ ಬಿಚ್ಚದೆ ಕಿಕ್ ಹೊಡೆಯಲು ಯಾರಿಗೂ ಆಗುವುದಿಲ್ಲ.